ಮನೆಯಲ್ಲಿ ಕಟ್ಟುತ್ತಾರೆ, ಪಾರ್ಕಿನಲ್ಲಿ ಬಿಡುತ್ತಾರೆ!

"ಏನೂ ಮಾಡಲ್ಲ ಸಾರ್, ಹೆದರಬೇಡಿ!"

ಬೆಳಗಿನ ಹೊತ್ತು ಊರಿನ ಪಾರ್ಕಿಗೆ ಕಾಲಿಟ್ಟವರಿಗೆಲ್ಲ ಪರಿಚಯದ ಮಾತು ಇದು. ಹೇಳುವವರು ನಾಯಿಯ ಯಜಮಾನರು. ಚೈನು ಅವರ ಕೈಯಲ್ಲೇ ಇದೆ. ನಾಯಿ ಮಾತ್ರ ಇಪ್ಪತ್ತು ಮಾರು ಆಚೆ ಯಾರದೋ ಪಂಚೆ ಮೂಸುತ್ತಿದೆ. ಕೇಳಿಸಿಕೊಳ್ಳುವವರು ಯಾರು? ಸಕ್ಕರೆ ಕಾಯಿಲೆಗೆಂದು ಡಾಕ್ಟರ ಮಾತಿನಂತೆ ನಾಲ್ಕು ಸುತ್ತು ಹಾಕಲು ಬಂದ ಹಿರಿಯರು, ಮೊದಲ ಬಸ್ಸು ಹಿಡಿಯಲು ಪಾರ್ಕಿನ ಒಳದಾರಿಯಲ್ಲಿ ಬೀಸುಗಾಲು ಹಾಕುವ ನೌಕರರು, ಅಂಗಡಿ ಬಾಗಿಲು ತೆಗೆಯುವ ಮುಂಚೆ ಒಂದು ಗಳಿಗೆ ತಂಗಾಳಿಗೆ ಬಂದ ವರ್ತಕರು, ಜಾರುಬಂಡೆಗೆ ಓಡುವ ಮಕ್ಕಳು.

"ಏನೂ ಮಾಡಲ್ಲ" ಎಂಬುದು ಯಜಮಾನರ ನಂಬಿಕೆ. ಎದುರಿಗಿರುವವರು ಅದನ್ನು ಯಾವ ಆಧಾರದ ಮೇಲೆ ನಂಬಬೇಕು? ಅನ್ನ ಹಾಕಿದ ಮನೆಯಲ್ಲಿ ನಾಯಿ ಸಾಧುವಾಗಿರುವುದು ದೊಡ್ಡದಲ್ಲ. ಪಾರ್ಕಿನಲ್ಲಿ ಅದರ ಕಣ್ಣಿಗೆ ಬೀಳುವವರೆಲ್ಲ ಹೊಸಬರು. ಹೆದರಿದ ಮಗು ಓಡುತ್ತದೆ. ಓಡುವುದನ್ನು ಅಟ್ಟುವುದು ನಾಯಿಯ ಹುಟ್ಟುಗುಣ. ಅದು ಆಟಕ್ಕೆಂದೇ ಎಗರಿದರೂ ಎಪ್ಪತ್ತು ದಾಟಿದ ಮುದುಕರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ನಾಯಿ ಕಚ್ಚಲಿಲ್ಲ ಎಂಬ ಸಮಾಧಾನದಿಂದ ಮೂಳೆ ಕೂಡೀತೇ?

ಹಾಗಂತ ನಾಯಿ ಸಾಕುವವರೆಲ್ಲ ಖಳರು ಎಂದು ತೀರ್ಮಾನಿಸುವುದೂ ತಪ್ಪು. ಕಳ್ಳಕಾಕರ ಭಯಕ್ಕೆ, ಒಂಟಿತನಕ್ಕೆ, ಮಕ್ಕಳ ಹಟಕ್ಕೆ, ಬರೀ ಪ್ರೀತಿಗೆ ಜನ ನಾಯಿ ಸಾಕುತ್ತಾರೆ. ಸಾಕಲಿ, ಯಾರೂ ಬೇಡವೆನ್ನುವುದಿಲ್ಲ. ತಕರಾರು ಇರುವುದು ಸಾಕುವ ರೀತಿಯ ಬಗ್ಗೆ.

ತಿರುವು ಮುರುವು

ನಾಯಿಯನ್ನು ಹಗಲಿಡೀ ಮೂರು ಮೊಳದ ಚೈನಿನಲ್ಲಿ ಗೇಟಿಗೋ ಮೆಟ್ಟಿಲಡಿಗೋ ಬಿಗಿಯುವ ಮನೆಗಳು ಊರಿನಲ್ಲಿ ಕಡಿಮೆಯೇನಿಲ್ಲ. ಯಜಮಾನರು ಆಫೀಸಿಗೆ, ಮಕ್ಕಳು ಸ್ಕೂಲಿಗೆ. ನಾಯಿಗೆ ಕಾಣುವುದು ಗೇಟಿನ ಸಂದಿಯಲ್ಲಿ ಓಡಾಡುವ ಕಾಲುಗಳು ಮಾತ್ರ. ಅಂಥ ನಾಯಿಯನ್ನು ಪಾರ್ಕಿಗೆ ತಂದು, "ಪಾಪ, ಸ್ವಲ್ಪ ಓಡಾಡಿಕೊಳ್ಳಲಿ" ಎಂದು ಬಿಚ್ಚಿಬಿಡುತ್ತಾರೆ. ಅಷ್ಟು ಹೊತ್ತು ಕಟ್ಟಿದ್ದ ಕಸುವೆಲ್ಲ ಒಂದೇ ಸಲ ಹೊರಬಿದ್ದರೆ ಆಶ್ಚರ್ಯವೇನು? ಆಗಬೇಕಾದ್ದು ಇದರ ತಿರುವು ಮುರುವು. ನಾಯಿ ಬಿಡುಗಡೆಯಾಗಿ ಇರಬೇಕಾದ್ದು ಯಜಮಾನರ ಕಾಂಪೌಂಡಿನೊಳಗೆ. ಕಟ್ಟಿಕೊಂಡಿರಬೇಕಾದ್ದು ಹತ್ತು ಜನ ಓಡಾಡುವ ಪಾರ್ಕಿನಲ್ಲಿ. ಊರಿನ ಜನ ಇದನ್ನು ಉಲ್ಟಾ ಮಾಡಿ ಕೂತಿದ್ದಾರೆ.

ಕಾನೂನು ಹೇಳುವುದೂ ಹೆಚ್ಚು ಕಡಿಮೆ ಇದನ್ನೇ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಕಲಮಿನ ಪ್ರಕಾರ ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಮಟ್ಟಿನ ಓಡಾಟ ಕೊಡದಿರುವುದೂ ಹಿಂಸೆಯೇ. ಅದಕ್ಕೆ ಬರೆದಿಟ್ಟ ದಂಡ ಮೊದಲ ತಪ್ಪಿಗೆ 10ರಿಂದ 50 ರೂಪಾಯಿ, ಒಂದೆರಡು ಕಾಫಿಯ ಕಾಸು! ಇತ್ತ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಇದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಥವಾ ಮೈಗೆ ತೀವ್ರ ಪೆಟ್ಟಾಗುವ ಸಂಭವವಿದ್ದರೂ ಎಚ್ಚರಿಕೆ ವಹಿಸದವರಿಗೆ ಆರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ದಂಡಸಂಹಿತೆಯಲ್ಲಿ ಈ ದಂಡ 1,000 ರೂಪಾಯಿ ಇತ್ತು. "ನನ್ನ ನಾಯಿ, ನನ್ನ ಇಷ್ಟ" ಎನ್ನುವವರು ಇದನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಜಾತಿ ನಾಯಿಯ ಮಾತು

ಕೆಲವರು ತಪ್ಪನ್ನೆಲ್ಲ ನಾಯಿಯ ಜಾತಿಯ ಮೇಲೆ ಹೊರಿಸುತ್ತಾರೆ. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರವೂ ಪಿಟ್ ಬುಲ್, ರಾಟ್‌ವೀಲರ್ ಮೊದಲಾದ 23 ತಳಿಗಳನ್ನು ಸಾಕದಂತೆ ಸುತ್ತೋಲೆ ಹೊರಡಿಸಿತ್ತು. ಅದನ್ನು ಕರ್ನಾಟಕ ಹೈಕೋರ್ಟು ಏಪ್ರಿಲ್ 10ರಂದು ರದ್ದು ಮಾಡಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಮಾಡಿದ ನಿಷೇಧ ನಿಲ್ಲುವುದಿಲ್ಲ ಎಂಬುದು ಕೋರ್ಟಿನ ನಿಲುವು.

ತಳಿಯ ಗುಣ ಎಂಬುದು ಇಲ್ಲವೇ ಇಲ್ಲ ಎಂದಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನೇ ನೋಡಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಮೆರೆದ ಕನ್ನಡ ನಾಡಿನ ಹೆಮ್ಮೆ ಅದು. ಬೇಟೆಗೆಂದೇ ಬೆಳೆದು ಬಂದ ತಳಿ. ದೂರದಲ್ಲಿ ಅಲುಗಾಡಿದ್ದನ್ನು ಕಂಡರೆ ಬಾಣದಂತೆ ಹೊರಡುತ್ತದೆ. ಅದಕ್ಕೆ ದಿನವೂ ಓಟ ಬೇಕು, ಬಯಲು ಬೇಕು. ಎರಡು ರೂಮಿನ ಮನೆಯಲ್ಲಿ ಕೂಡಿಹಾಕಿ, ಮಕ್ಕಳು ಚೆಂಡಾಡುವ ಕಡೆ ಬಿಚ್ಚಿದರೆ ತಪ್ಪು ನಾಯಿಯದೋ, ಬಿಚ್ಚಿದ ಕೈಯದೋ? ಅಕ್ಕಪಕ್ಕದವರಿಗೆ ಜಂಬ ತೋರಿಸಲು ದುಬಾರಿ ನಾಯಿ ತರುವವರು, ತರುವ ಮುಂಚೆ ತಮ್ಮ ಮನೆಯ ಜಾಗವನ್ನೂ ತಮ್ಮ ಬಿಡುವನ್ನೂ ಅಳೆದುಕೊಳ್ಳಬೇಡವೇ?

ಬಿಚ್ಚಿಬಿಟ್ಟ ನಾಯಿಗೂ ಸುಖವಿಲ್ಲ. ಪಾರ್ಕಿನಲ್ಲಿ ಮೊದಲೇ ಠಿಕಾಣಿ ಹೂಡಿದ ಬೀದಿ ನಾಯಿಗಳಿಗೆ ಅದು ಪರಊರಿನದು. ಅವು ಗುಂಪಾಗಿ ಮೇಲೆ ಬೀಳುತ್ತವೆ. ಬಿಡಿಸಲು ಹೋದ ಯಜಮಾನರಿಗೂ ಕಚ್ಚು ತಪ್ಪದು. ಗೇಟು ದಾಟಿ ರಸ್ತೆಗೆ ನುಗ್ಗಿದರೆ ಸಿಟಿ ಬಸ್ಸಿನ ಚಕ್ರ ಇದೆ; ತಪ್ಪಿಸಲು ಹೋದ ಸ್ಕೂಟರ್ ಸವಾರರ ಗತಿ ದೇವರೇ ಬಲ್ಲ.

ಹೊಲಸು ಯಾರು ಎತ್ತಬೇಕು?

ಇನ್ನೊಂದು ಮಾತು ಹೇಳಲು ಮುಜುಗರ, ಆದರೂ ಹೇಳಲೇಬೇಕು. ಮನೆ ಅಂಗಳಕ್ಕೆ ರಂಗೋಲಿ, ಪಾರ್ಕಿನ ಹುಲ್ಲಿಗೆ ನಾಯಿಯ ಹೊಲಸು! ಇದು ಬರೀ ಅಸಹ್ಯದ ಪ್ರಶ್ನೆಯಲ್ಲ. ನಾಯಿಯ ಹೊಟ್ಟೆಯ ಜಂತುಹುಳದ ಮೊಟ್ಟೆ ಹೊಲಸಿನ ಜೊತೆ ಮಣ್ಣಿಗೆ ಬೀಳುತ್ತದೆ. ಎರಡು ಮೂರು ವಾರದಲ್ಲಿ ಬಲಿತು ರೋಗ ತರುವ ಸ್ಥಿತಿಗೆ ಬರುತ್ತದೆ. ತಿಂಗಳುಗಟ್ಟಲೆ ಮಣ್ಣಲ್ಲೇ ಉಳಿಯುತ್ತದೆ. ಆ ಮಣ್ಣಲ್ಲಿ ಆಡಿ ಬೆರಳು ಚೀಪುವ ಮಗುವಿನ ಹೊಟ್ಟೆ ಸೇರಿದರೆ ಮರಿಹುಳ ಮೈಯಲ್ಲೆಲ್ಲ ಅಲೆದು ಕೆಲವೊಮ್ಮೆ ಕಣ್ಣನ್ನೇ ಕೆಡಿಸುತ್ತದೆ. ಅಂದಿನ ಹೊಲಸನ್ನು ಅಂದೇ ಎತ್ತಿದರೆ ಮೊಟ್ಟೆ ಬಲಿಯಲು ಸಮಯವೇ ಸಿಗದು. ಬೇಕಾದ್ದು ಒಂದು ಹಳೇ ಪೇಪರು, ಬಗ್ಗಲು ಒಂದು ಸೊಂಟ. ಪೌರಕಾರ್ಮಿಕರು ಇರುವುದೇ ಇದಕ್ಕೆ ಎನ್ನುವ ದೊಡ್ಡಸ್ತಿಕೆ ಬೇಡ. ನಾಯಿ ಯಾರದೋ ಹೊಲಸೂ ಅವರದೇ.

ಬೆಂಗಳೂರಿನಲ್ಲಿ ಏನಾಯಿತೆಂದು ಇಲ್ಲಿನವರು ನೆನಪಿಟ್ಟುಕೊಳ್ಳಬೇಕು. 1870ರಲ್ಲಿ ಹುಟ್ಟಿದ ಕಬ್ಬನ್ ಪಾರ್ಕಿನಲ್ಲಿ ನಾಯಿಗಳನ್ನು ಚೈನಿಲ್ಲದೆ ಬಿಡುತ್ತಾರೆ, ಹೊಲಸು ಎತ್ತದೆ ಹೋಗುತ್ತಾರೆ ಎಂಬ ದೂರು ಹೆಚ್ಚಾಗಿ, 2022ರಲ್ಲಿ ತೋಟಗಾರಿಕೆ ಇಲಾಖೆ ಸಾಕುನಾಯಿಗಳಿಗೆ ಪ್ರವೇಶವೇ ಬೇಡ ಎಂದು ಹೊರಟಿತ್ತು. ನಾಯಿ ಸಾಕುವವರು ಎದ್ದು ನಿಂತರು, ನಿಷೇಧ ನಿಂತಿತು. ಆದರೆ ಕೆಲವರ ಅಜಾಗರೂಕತೆಯಿಂದ ಎಲ್ಲರಿಗೂ ಗೇಟು ಮುಚ್ಚುವ ಹಂತ ಬಂದಿತ್ತಲ್ಲ, ಅದು ಪಾಠ.

ಪಾರ್ಕಿನಿಂದ ಬಸ್ ಸ್ಟಾಂಡಿಗೆ

ಪಾರ್ಕಿನ ಗೋಜೇ ಬೇಡ ಎನ್ನುವ ವರ್ತಕರಿಗೂ ಬಸ್ಸಿನವರಿಗೂ ಇದರ ಬಿಸಿ ತಟ್ಟದೆ ಇಲ್ಲ. ಬಿಚ್ಚಿಬಿಟ್ಟ ಹೆಣ್ಣುನಾಯಿ ಬೆದೆಗೆ ಬಂದಾಗ ಏನಾಗುತ್ತದೆಂದು ಹೇಳಬೇಕಾಗಿಲ್ಲ. 63 ದಿನಕ್ಕೆ ಐದಾರು ಮರಿ. ಸಾಕುವವರಿಲ್ಲ, ರಾತ್ರೋರಾತ್ರಿ ಗೋಣಿಚೀಲದಲ್ಲಿ ತುಂಬಿ ಮಾರ್ಕೆಟ್ಟಿನ ಹಿಂದೆಯೋ ಬಸ್ ಸ್ಟಾಂಡಿನ ಮೂಲೆಗೋ ಬಿಟ್ಟು ಕೈತೊಳೆದುಕೊಳ್ಳುತ್ತಾರೆ. ಕಾಯಿಲೆ ಬಿದ್ದ, ವಯಸ್ಸಾದ ಜಾತಿ ನಾಯಿಗಳಿಗೂ ಎಷ್ಟೋ ಸಲ ಇದೇ ಗತಿ. ವರ್ಷ ಕಳೆಯುವಷ್ಟರಲ್ಲಿ ಆ ಮರಿಗಳೇ ಅಂಗಡಿ ಮುಂದೆ ಗುಂಪು ಕಟ್ಟಿ ಗಿರಾಕಿಗಳನ್ನು ಅಟ್ಟುತ್ತವೆ. ಜನ "ಬೀದಿ ನಾಯಿ ಕಾಟ" ಎಂದು ಬೈಯುತ್ತಾರೆ. ಆ ಬೀದಿ ನಾಯಿಯ ಅಜ್ಜಿ ಯಾರದೋ ಮನೆಯ ಮುದ್ದಿನ ನಾಯಿಯಾಗಿತ್ತೆಂಬುದನ್ನು ಯಾರೂ ಕೇಳುವುದಿಲ್ಲ.

ಈ ಕಾಟ ದೆಹಲಿಯವರೆಗೂ ಹೋಗಿದೆ. 2024ರಲ್ಲಿ ದೇಶದಲ್ಲಿ 37 ಲಕ್ಷಕ್ಕೂ ಮೀರಿ ನಾಯಿ ಕಡಿತ ದಾಖಲಾಗಿತ್ತೆಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ಲೆಕ್ಕ ಕೊಟ್ಟಿತ್ತು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿ ನಾಯಿಗಳನ್ನು ಹಿಡಿದು, ಸಂತಾನಹರಣ ಮಾಡಿ, ಲಸಿಕೆ ಹಾಕಿ, ಆಶ್ರಯತಾಣಕ್ಕೆ ಸಾಗಿಸಬೇಕು, ಹಿಡಿದ ಜಾಗಕ್ಕೆ ಮತ್ತೆ ಬಿಡಬಾರದು ಎಂದು ಆದೇಶಿಸಿತು. ಆದೇಶ ಬರೆಯುವುದು ಕೋರ್ಟು. ಹಿಡಿಯುವ ಖರ್ಚು ಸ್ಥಳೀಯ ಸಂಸ್ಥೆಗಳ ತಲೆಗೆ. ಆ ತಲೆಯ ಭಾರ ಕೊನೆಗೆ ಬೀಳುವುದು ಕಂದಾಯ ಕಟ್ಟುವ ಅಂಗಡಿಯವರ ಹೆಗಲಿಗೆ. ಒಂದು ಕಡೆ ಹಿಡಿಯುತ್ತಾ ಇನ್ನೊಂದು ಕಡೆ ಮರಿ ಬಿಡುತ್ತಾ ಹೋದರೆ ತೂತು ಕೊಡಕ್ಕೆ ನೀರು ಹೊಯ್ದ ಹಾಗೆ.

2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಾಕುನಾಯಿಯ ಲಸಿಕೆ, ಸಂತಾನಹರಣ ಎರಡನ್ನೂ ಮಾಲೀಕರ ಜವಾಬ್ದಾರಿ ಎಂದು ಸ್ಪಷ್ಟವಾಗಿ ಹೇಳಿವೆ. ಊರಿನಲ್ಲಿ ಎಷ್ಟು ಸಾಕುನಾಯಿಗಳಿಗೆ ಲೈಸೆನ್ಸು ಇದೆಯೆಂದು ಪುರಪಿತೃಗಳು ಒಮ್ಮೆ ರಿಜಿಸ್ಟರು ತೆಗೆದು ನೋಡಲಿ. ತಮ್ಮ ಮನೆಯ ನಾಯಿಗಳಿಂದಲೇ ಎಣಿಕೆ ಶುರುಮಾಡಿದರೆ ಇನ್ನೂ ಚೆನ್ನ.

ಹುಚ್ಚುನಾಯಿ ರೋಗಕ್ಕೆ ಔಷಧವಿಲ್ಲ

ಎಲ್ಲಕ್ಕಿಂತ ದೊಡ್ಡದು ರೇಬಿಸ್. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ಇಲ್ಲವೆಂದೇ ಹೇಳಬೇಕು. ಆದರೆ ಮೊದಲೇ ಎಚ್ಚರಗೊಂಡರೆ ಪೂರ್ತಿ ತಡೆಯಬಹುದಾದ ರೋಗವೂ ಹೌದು. ನಾಯಿಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ಡಾಕ್ಟರು ಹೇಳಿದಂತೆ ವರ್ಷ ವರ್ಷವೂ. ಅದರ ಕಾರ್ಡು ಯಜಮಾನರ ಬಳಿ ಇರಬೇಕು. "ಮನೆ ನಾಯಿಗೆ ಎಲ್ಲಿಂದ ಹುಚ್ಚು ಬರುತ್ತೆ?" ಎಂದು ಕೇಳುವವರಿದ್ದಾರೆ. ಪಾರ್ಕಿನಲ್ಲಿ ಬಿಚ್ಚಿಬಿಟ್ಟಾಗ ಅದನ್ನು ಕಚ್ಚಿದ ನಾಯಿಯಿಂದ ಬರುತ್ತೆ!

ಯಾವ ನಾಯಿಯೇ ಕಚ್ಚಲಿ, ಲಸಿಕೆ ಹಾಕಿಸಿದ್ದೇ ಆಗಲಿ, ಮೊದಲ ಕೆಲಸ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆಯುವುದು. ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಮೆತ್ತಬಾರದು. ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಇಂಜೆಕ್ಷನ್ನಿಗೆ ಕಾಸಿಲ್ಲ. ಹೊಟ್ಟೆಗೆ ಹದಿನಾಲ್ಕು ಚುಚ್ಚುತ್ತಾರೆ ಎಂಬ ಭಯ ಹಳೇ ಕಾಲದ್ದು. ಆ ಲಸಿಕೆ ಹೋಗಿ ಇಪ್ಪತ್ತು ವರ್ಷವಾಯಿತು. ಈಗ ತೋಳಿಗೆ ನಾಲ್ಕೈದು ಸಲ, ಅಷ್ಟೆ. ಗಾಯ ಆಳವಾಗಿದ್ದು ರಕ್ತ ಬಂದಿದ್ದರೆ ಗಾಯದ ಸುತ್ತಲೂ ಬೇರೆ ಔಷಧ ಕೊಡುತ್ತಾರೆ, ಅದನ್ನು ಕೇಳಿ ಹಾಕಿಸಿಕೊಳ್ಳಬೇಕು. ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕು. ಇಲ್ಲಿ ಯಜಮಾನರ ಪ್ರಾಮಾಣಿಕತೆಯ ಪರೀಕ್ಷೆ ಇದೆ. "ನಮ್ಮ ನಾಯಿಯೇ ಅಲ್ಲ" ಎಂದು ಜಾರಿಕೊಳ್ಳುವವರು ಒಂದು ಜೀವದ ಜೊತೆ ಜೂಜಾಡುತ್ತಾರೆ.

ಮಾಡಬೇಕಾದ್ದೇನು?

ದೂರು ಕೊಟ್ಟವರಿಗೆ ಸಿಗುವ ಉತ್ತರ ಎಲ್ಲರಿಗೂ ಗೊತ್ತು. ನಗರಸಭೆಗೆ ಹೇಳಿದರೆ ಪಶು ಆಸ್ಪತ್ರೆ ಕಡೆ ಬೆರಳು, ಅಲ್ಲಿ ಹೇಳಿದರೆ ತೋಟಗಾರಿಕೆಯವರ ಕಡೆ, ಅವರನ್ನು ಕೇಳಿದರೆ ಪೊಲೀಸ್ ಠಾಣೆ ಕಡೆ. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ!

ಇದಕ್ಕೆ ಕೋಟಿ ರೂಪಾಯಿ ಯೋಜನೆ ಬೇಕಿಲ್ಲ. ದೊಡ್ಡ ಪಾರ್ಕಿನ ಒಂದು ಮೂಲೆಗೆ ತಂತಿಬೇಲಿ ಹಾಕಿ ಎರಡು ಬಾಗಿಲಿಟ್ಟರೆ ನಾಯಿಗಳು ಅದರೊಳಗೆ ಮನಸಾರೆ ಓಡಲಿ. ಉಳಿದ ಕಡೆ ಚೈನು ಕಡ್ಡಾಯ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಬೋರ್ಡು ಬೀಳಲಿ. ಹೊಲಸು ಹಾಕಲು ಎರಡು ಡಬ್ಬ ಇಡಲಿ. ವರ್ಷಕ್ಕೊಂದು ಭಾನುವಾರ ಅದೇ ಪಾರ್ಕಿನಲ್ಲಿ ಲಸಿಕೆ, ಲೈಸೆನ್ಸು ಒಂದೇ ಟೇಬಲ್ಲಿನ ಮುಂದೆ ಸಿಗಲಿ. ವಾಚ್‌ಮನ್ನನ ಕೈಗೆ ಬರೀ ಸೀಟಿ ಕೊಟ್ಟರೆ ಸಾಲದು, ಅವನ ಮಾತಿಗೆ ಬೆಲೆಯೂ ಇರಬೇಕು. ಕಾರಿನಲ್ಲಿ ಬಂದಿಳಿಯುವ ದೊಡ್ಡವರಿಗೆ ಆತ ಚೈನು ಹಾಕಿ ಎಂದರೆ, ಮಾರನೇ ದಿನ ಅವನ ನೌಕರಿಗೇ ಸಂಚಕಾರ ಬರಬಾರದು.

ನಾಯಿಗೆ ಹೆದರುವವರಿಗೂ ಒಂದು ಮಾತು. ಸಿಟ್ಟಿಗೆದ್ದು ವಿಷದುಂಡೆ ಎಸೆಯುವುದು ಪರಿಹಾರವಲ್ಲ, ಅಪರಾಧ. ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಅದಕ್ಕೆ ಐದು ವರ್ಷದವರೆಗೆ ಜೈಲಿದೆ. ಆ ಉಂಡೆ ಮೊದಲು ಸಿಗುವುದು ನಾಯಿಗೋ, ಹುಲ್ಲಿನ ಮೇಲೆ ಆಡುವ ಮಗುವಿಗೋ, ಎಸೆದವರಿಗೂ ಗೊತ್ತಿರುವುದಿಲ್ಲ.

ಪಾರ್ಕು ಊರಿನ ಸಾಮಾನ್ಯರ ಏಕೈಕ ತೋಟ. ಬಂಗಲೆಯವರಿಗೆ ಸ್ವಂತ ಲಾನ್ ಇದೆ. ವಠಾರದ ಮಗುವಿಗೆ ಇರುವುದು ಇದೊಂದೇ. ನಾಯಿಯನ್ನು ನಿಜವಾಗಿ ಪ್ರೀತಿಸುವವರು ಮನೆಯಲ್ಲಿ ಅದರ ಕೊರಳು ಬಿಚ್ಚಲಿ, ಪಾರ್ಕಿನಲ್ಲಿ ಚೈನಿನ ತುದಿ ಕೈಯಲ್ಲಿ ಹಿಡಿಯಲಿ. ಹಿಡಿಯದವರ ಕೈ ಹಿಡಿದು ಕೇಳುವ ಧೈರ್ಯ ನಗರಸಭೆಗಿದೆಯೇ? ಯಾರಾದರೂ ಆಸ್ಪತ್ರೆ ಸೇರಿದ ಮೇಲೆ ತುರ್ತು ಸಭೆ ಕರೆಯುವ ಬದಲು, ಈಗಲೇ ಎಚ್ಚೆತ್ತುಕೊಳ್ಳುವರೇ?