ಸೀಟಿಗೆ ನಿಲ್ಲುವ ಕೈ

‘ಹುಡುಗನಿಗೆ ಸಿಟ್ಟು ಜಾಸ್ತಿ, ಕರಾಟೆಗೆ ಹಾಕಿ, ಸರಿಹೋಗ್ತಾನೆ’ ಎನ್ನುವ ಸಲಹೆ ನಾಗಪುರದಲ್ಲೂ ಪುಕ್ಕಟೆ ಸಿಗುತ್ತದೆ, ನಂಜನಗೂಡಿನಲ್ಲೂ ಸಿಗುತ್ತದೆ. ಒದೆಯುವುದನ್ನು ಕಲಿಸಿದರೆ ಒದೆಯುವ ಚಪಲ ಹೇಗೆ ಕಡಿಮೆಯಾಗುತ್ತದೆ ಎಂದು ಕೇಳುವವರು ಅಪರೂಪ. ಕೇಳಿದರೆ ಎರಡು ಉತ್ತರ ಸಿದ್ಧವಾಗಿರುತ್ತವೆ. ಒಳಗಿನ ಸಿಟ್ಟೆಲ್ಲ ಗುದ್ದಿ ಗುದ್ದಿ ಹೊರಗೆ ಹೋಗುತ್ತದೆ ಎಂಬುದು ಒಂದು, ಶಿಸ್ತು ಬರುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಸುಳ್ಳು. ಎರಡನೆಯದು ನಿಜವೇ, ಆದರೆ ಅದು ಕೇಳಿದ ಪ್ರಶ್ನೆಗೆ ಉತ್ತರವಲ್ಲ.

ಸಿಟ್ಟೆಂದರೆ ಕುಕ್ಕರಿನ ಆವಿಯಲ್ಲ, ಸೀಟಿ ಹೊಡೆಸಿ ಇಳಿಸಲು. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರ್ಯಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವನ ಮುಖ ನೆನೆಯುತ್ತ ಚೀಲಕ್ಕೆ ಗುದ್ದಿದವರ ಸಿಟ್ಟು ಏರಿತ್ತು. ಏನೂ ಮಾಡದೆ ಸುಮ್ಮನೆ ಕೂತವರೇ ಅವರಿಗಿಂತ ಮೇಲಾಗಿದ್ದರು. ಅವರೇ ಸೋಫಿ ಶಾರ್ವಿಕ್ ಜೊತೆ 2024ರಲ್ಲಿ 154 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗಿಟ್ಟು ನೋಡಿದಾಗಲೂ ಕಂಡದ್ದು ಅದೇ. ಮೈ ಬಿಸಿಯೇರಿಸುವ ಕೆಲಸಗಳಿಂದ ಸಿಟ್ಟು ಇಳಿಯುವ ಭರವಸೆ ಇಲ್ಲ, ಉಸಿರಾಟ ಮತ್ತು ಧ್ಯಾನದಿಂದ ಇಳಿಯುತ್ತದೆ. ಮೈಕ್ ಟೈಸನ್ ಗುದ್ದಿದಷ್ಟು ಚೀಲ ಗುದ್ದಿದವರು ಜಗತ್ತಿನಲ್ಲಿ ಎಷ್ಟು ಮಂದಿ ಇದ್ದಾರು? 1997ರಲ್ಲಿ ರಿಂಗಿನ ಮಧ್ಯದಲ್ಲೇ ಎದುರಾಳಿ ಹೋಲಿಫೀಲ್ಡನ ಕಿವಿ ಕಚ್ಚಿದ್ದು ಅದೇ ಟೈಸನ್.

ಶಿಸ್ತಿನ ಮಾತಿಗೆ ನಾಗಪುರಕ್ಕಿಂತ ಒಳ್ಳೆಯ ಊರು ಸಿಗದು. 1925ರ ವಿಜಯದಶಮಿಯಂದು ಹೆಡಗೇವಾರರು ಇಲ್ಲಿ ಆರಂಭಿಸಿದ ಸಂಘದ ಶಾಖೆಗಳಲ್ಲಿ ದಂಡ ಹಿಡಿಯುವುದು ದೇಹಶಿಕ್ಷಣದ ಭಾಗವಾಯಿತು. ‘ದಕ್ಷ’ ಎಂದರೆ ನೆಟ್ಟಗೆ ನಿಲ್ಲಬೇಕು, ‘ಆರಮ’ ಎಂದರೆ ಸಡಿಲಾಗಬೇಕು. ಸಾವಿರ ಜನ ಒಟ್ಟಿಗೆ ನಿಲ್ಲುವುದನ್ನು, ಒಟ್ಟಿಗೆ ತಿರುಗುವುದನ್ನು ರೇಶೀಮ್‌ಬಾಗ್ ಮೈದಾನದಲ್ಲಿ ನೋಡಿದವರಿಗೆ ಆ ಶಿಸ್ತಿನ ಬಗ್ಗೆ ಅನುಮಾನ ಉಳಿಯದು. ಮಧ್ಯ ಭಾರತದ ಊರುಗಳ ಅಖಾಡಗಳಲ್ಲಿ, ದಸರೆಯ ಮೆರವಣಿಗೆಯಲ್ಲಿ, ಮೊಹರಂ ಮೆರವಣಿಗೆಯಲ್ಲಿ ಲಾಠಿ ತಿರುಗಿಸುವ ಕೈಗಳಿಗೂ ಕೊರತೆ ಇರಲಿಲ್ಲ.

ಇದೇ ಊರಿನ ಮಹಾಲ್ ಪ್ರದೇಶದಲ್ಲಿ 1927ರ ಸೆಪ್ಟೆಂಬರಿನಲ್ಲಿ ಹಿಂದೂ–ಮುಸ್ಲಿಂ ಗಲಭೆ ನಡೆಯಿತು. 2025ರ ಮಾರ್ಚ್ 17ರಂದು, ಔರಂಗಜೇಬನ ಗೋರಿಯ ತಕರಾರಿನ ಬೆನ್ನಿಗೆ, ಮತ್ತೆ ಮಹಾಲ್‌ನಲ್ಲೇ ಕಲ್ಲು ತೂರಾಟ, ಬೆಂಕಿ, ಕರ್ಫ್ಯೂ. ಯಾರು ಶುರು ಮಾಡಿದರು ಎಂಬುದು ಪೊಲೀಸರ, ನ್ಯಾಯಾಲಯದ ವಿಷಯ. ಯಾವ ಶಾಖೆಯನ್ನಾಗಲಿ ಅಖಾಡವನ್ನಾಗಲಿ ಇಲ್ಲಿ ಕಟಕಟೆಗೆ ನಿಲ್ಲಿಸಬೇಕಾಗಿಲ್ಲ. ಆದರೆ ದೇಹಶಿಸ್ತಿನಿಂದ ಮನಸ್ಸಿನ ಹತೋಟಿ ತಾನಾಗಿ ಹುಟ್ಟುವುದಾಗಿದ್ದರೆ, ನೂರು ವರ್ಷ ಕವಾಯತು ಮಾಡಿದ ಊರು ಎಷ್ಟು ತಣ್ಣಗಿರಬೇಕಿತ್ತು ಎಂದು ಕೇಳದೆ ಬಿಡಲಾಗದು.

ಶಿಸ್ತು ಬೇರೆ, ಸಂಯಮ ಬೇರೆ. ಸೀಟಿ ಊದಿದಾಗ ನಿಲ್ಲುವ ಕೈ ಸೀಟಿಯ ಮಾತು ಕೇಳುತ್ತದೆ. ಊದುವವನು ಇಲ್ಲದ ಗಲ್ಲಿಯಲ್ಲಿ, ಅಥವಾ ಊದುವವನೇ ‘ಹೊಡಿ’ ಎಂದಾಗ, ಆ ಕೈ ಏನು ಮಾಡೀತು ಎಂಬುದಕ್ಕೆ ಕವಾಯತಿನಲ್ಲಿ ಪಾಠ ಇಲ್ಲ. ಕರಾಟೆ ಕ್ಲಾಸಿನ ‘ಒಸ್!’ ಎಂಬ ಕೂಗಿಗೂ ಈ ಮಾತು ಅನ್ವಯಿಸುತ್ತದೆ. ಮೇಷ್ಟ್ರ ಎದುರು ಬಗ್ಗಿ ನಮಸ್ಕರಿಸುವ ಹುಡುಗ ಮನೆಗೆ ಹೋಗಿ ತಂಗಿಯ ಜಡೆ ಎಳೆಯುತ್ತಾನೆ.

ಹಾಗಾದರೆ ಸಮರಕಲೆಯಿಂದ ಏನೂ ಇಲ್ಲವೇ? ಇದೆ, ಆದರೆ ಅದು ಏಟಿನಲ್ಲಿಲ್ಲ. 1986ರಲ್ಲಿ ಮೈಕೆಲ್ ಟ್ರಲ್ಸನ್ ಎಂಬ ಸಂಶೋಧಕ ಅಮೆರಿಕದಲ್ಲಿ, ಕಾನೂನಿನ ಕಣ್ಣಿಗೆ ಬಿದ್ದಿದ್ದ ಮೂವತ್ತು ಚಿಲ್ಲರೆ ಹುಡುಗರನ್ನು ಮೂರು ಗುಂಪು ಮಾಡಿ ಆರು ತಿಂಗಳು ನೋಡಿದರು. ಧ್ಯಾನ, ಗೌರವದ ಪಾಠ ಎಲ್ಲ ಸೇರಿದ ಸಾಂಪ್ರದಾಯಿಕ ಟೇಕ್ವಾಂಡೋ ಕಲಿತವರ ಆಕ್ರಮಣಶೀಲತೆ ಇಳಿಯಿತು. ಅವನ್ನೆಲ್ಲ ತೆಗೆದು ಬರೀ ಹೊಡೆದಾಟ ಕಲಿತವರದು ಏರಿತು. ಗುಂಪು ಸಣ್ಣದು, ಅದರ ಮೇಲೆ ದೊಡ್ಡ ಮನೆ ಕಟ್ಟಬಾರದು. ಆದರೆ ನಾರ್ವೆಯಲ್ಲಿ ಎಂಡ್ರೆಸೆನ್ ಮತ್ತು ಓಲ್ವೇಯಸ್ 2005ರಲ್ಲಿ ಪ್ರಕಟಿಸಿದ ಅಧ್ಯಯನವೂ ಆ ಕಡೆಗೇ ಬೆರಳು ತೋರಿಸುತ್ತದೆ: ಬಾಕ್ಸಿಂಗ್, ಕುಸ್ತಿ, ಭಾರ ಎತ್ತುವಿಕೆ, ಸಮರಕಲೆಗಳಿಗೆ ಸೇರಿದ ಹುಡುಗರ ಪುಂಡಾಟ ಹೆಚ್ಚಿತ್ತೇ ಹೊರತು ಕಡಿಮೆಯಾಗಲಿಲ್ಲ.

ಸಂಯಮ ಇರುವುದು ನಿಲ್ಲಿಸುವುದರಲ್ಲಿ. ಮೈಸೂರು ಅರಮನೆಯ ಅಂಗಳದಲ್ಲಿ ವಿಜಯದಶಮಿಯಂದೇ ನಡೆಯುವ ವಜ್ರಮುಷ್ಟಿ ಕಾಳಗ ಇದಕ್ಕೆ ಸಾಕ್ಷಿ. ಬೋಳುತಲೆಯ ಜಟ್ಟಿಗಳು ಮುಷ್ಟಿಗೆ ಆಯುಧ ತೊಟ್ಟು ಎದುರಾಗುತ್ತಾರೆ, ನೆತ್ತರು ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಮೈ ಕಾದು ಕೆಂಪಾದ ಕ್ಷಣದಲ್ಲೇ ಕೈ ಹಿಂದೆಗೆಯಬೇಕು. ಕಾನೋ ಜಿಗೋರೊ 1882ರಲ್ಲಿ ಕಟ್ಟಿದ ಜೂಡೋದಲ್ಲಿ ಎಸೆಯುವುದಕ್ಕೆ ಮೊದಲು ಬೀಳುವುದನ್ನು ಕಲಿಸುತ್ತಾರೆ. ತೋಳು ಸಿಕ್ಕಿಹಾಕಿಕೊಂಡವನು ಚಾಪೆಗೆ ಎರಡು ಸಲ ತಟ್ಟಿದರೆ ಹಿಡಿದವನು ಬಿಡಬೇಕು. ಗೆಲ್ಲುತ್ತಿರುವಾಗ, ಎದುರಾಳಿಯ ಮೇಲೆ ರೇಗಿರುವಾಗ, ಹೀಗೆ ಸಾವಿರ ಸಲ ಬಿಟ್ಟವನಿಗೆ ಬಿಡುವುದೇ ಅಭ್ಯಾಸವಾದೀತು. ಹಳೆಯ ಗರಡಿಮನೆಯಲ್ಲಿ ಒಳ್ಳೆಯ ಉಸ್ತಾದರು ಮೊದಲು ಕಾಯುತ್ತಿದ್ದುದೂ ಇದನ್ನೇ: ಹುಡುಗ ಮಟ್ಟಿಗೆ ಬಿದ್ದ ಮೇಲೆ ನಗುತ್ತಾನೋ, ಹಲ್ಲು ಕಡಿಯುತ್ತಾನೋ.

ನಾಗಪುರದ ಇನ್ನೊಂದು ದಸರೆಯೂ ಉಂಟು. 1956ರ ಅಕ್ಟೋಬರ್ 14ರಂದು, ಅಶೋಕ ವಿಜಯದಶಮಿಯ ದಿನ, ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ಬೌದ್ಧಧರ್ಮ ಸ್ವೀಕರಿಸಿದ್ದು ಇದೇ ಊರಿನಲ್ಲಿ. ಸಿಟ್ಟುಗೊಳ್ಳಲು ಆ ಜನರಿಗಿಂತ ಹೆಚ್ಚು ಕಾರಣ ಇದ್ದವರು ಈ ದೇಶದಲ್ಲಿ ಯಾರಿದ್ದರು? ಅವರು ಅಂದು ಪಡೆದ ಪಂಚಶೀಲದ ಮೊದಲ ಮಾತು ಪ್ರಾಣಹಿಂಸೆ ಮಾಡುವುದಿಲ್ಲ ಎಂಬುದು. ಅದಕ್ಕೆ ಸೀಟಿ ಊದುವವರು ಇರಲಿಲ್ಲ. ಸಮರಕಲೆಯ ಮೇಷ್ಟ್ರುಗಳು ಸಂಯಮ ಮಾರುವುದಾದರೆ ದೀಕ್ಷಾಭೂಮಿಯ ಕಡೆಗೂ ಒಮ್ಮೆ ನೋಡಲಿ.

ಮಗುವನ್ನು ಸೇರಿಸಲು ಹೊರಟ ತಂದೆತಾಯಿ ಬೆಲ್ಟಿನ ಬಣ್ಣ, ಗೋಡೆಯ ಪದಕಗಳನ್ನು ಬಿಟ್ಟು, ದುಡ್ಡು ಕಟ್ಟುವ ಮೊದಲು ಒಂದು ಸಂಜೆ ಅಂಗಳದ ಅಂಚಿನಲ್ಲಿ ಕೂರಲಿ. ಸಣ್ಣ ಹುಡುಗ ಸೋತು ಚಾಪೆ ತಟ್ಟಿದಾಗ ದೊಡ್ಡವನು ತಕ್ಷಣ ಬಿಡುತ್ತಾನೋ, ಇನ್ನೊಂದಿಷ್ಟು ಹಿಸುಕಿ ಬಿಡುತ್ತಾನೋ, ಹಿಸುಕಿದರೆ ಮೇಷ್ಟ್ರು ಆ ಕಡೆ ನೋಡುತ್ತಾರೋ ಇಲ್ಲವೋ.