ಬಿದ್ದವನು ಆಟದಿಂದ ಹೊರಗೆ?

ಮಕ್ಕಳ ಆಟವನ್ನು ಹಿರಿಯರು ಕಣ್ಣಿಟ್ಟು ನೋಡುವುದು ಅಪರೂಪ. ಗದ್ದಲವಾದರೆ ಗದರುತ್ತೇವೆ, ಸದ್ದಿಲ್ಲದಿದ್ದರೆ ಮರೆಯುತ್ತೇವೆ. ಆದರೆ ಆಟವೊಂದರ ನಿಯಮಗಳಲ್ಲಿ ಅದನ್ನು ಕಟ್ಟಿದವನು ಲೋಕವನ್ನು ಹೇಗೆ ಕಂಡಿದ್ದಾನೆ ಎಂಬುದು ಅಡಗಿರುತ್ತದೆ. ಈ ಮಾತು ನಮ್ಮ ಅನುಭವಕ್ಕೆ ಬಂದದ್ದು ಕಳೆದ ಬೇಸಿಗೆಯಲ್ಲಿ, ಯಾವಗಲ್ಲಿನ ನಮ್ಮ ಅಣ್ಣನ ಮನೆಯಲ್ಲಿ.

ಅಣ್ಣನ ಮೊಮ್ಮಗ ಹದಿನೇಳರ ಹುಡುಗ. ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿ ಗಣಿತವೊಂದರಲ್ಲಿ ಅನುತ್ತೀರ್ಣನಾಗಿದ್ದ. ಮನೆಯಲ್ಲಿ ಯಾರೂ ಅವನನ್ನು ಬೈದಿರಲಿಲ್ಲ. ಆದರೆ ಯಾರೂ ಅವನೊಡನೆ ಮಾತನ್ನೂ ಆಡುತ್ತಿರಲಿಲ್ಲ. ಹುಡುಗ ಪಡಸಾಲೆಯ ಮೂಲೆಯಲ್ಲಿ ಕುಳಿತು, ಹಳೆಯ ಕ್ಯಾಲೆಂಡರಿನ ಹಿಂಬದಿಯ ಮೇಲೆ ಗೆರೆ ಎಳೆಯುತ್ತ, ಕವಡೆ ಮತ್ತು ಜೋಳದ ಕಾಳುಗಳನ್ನು ಹರಡಿಕೊಂಡಿದ್ದ. ಮರುಪರೀಕ್ಷೆ ಸಮೀಪಿಸಿರುವಾಗ ಇದೆಂಥ ಹುಡುಗಾಟವೆಂದು ನಾವೂ ಮೊದಲು ಗದರಿದೆವು. ಹಾಗೆ ಗದರಿದ್ದು ನಮ್ಮ ತಪ್ಪು ಎಂಬುದನ್ನು ಮುಚ್ಚಿಡುವುದಿಲ್ಲ.

“ಇದು ಇಸ್ರೋ ನಡಸೋ ಆಟ, ಅಜ್ಜಾ” ಎಂದ. ಒಬ್ಬೊಬ್ಬ ಆಟಗಾರನೂ ಒಂದೊಂದು ಬಾಹ್ಯಾಕಾಶ ಸಂಸ್ಥೆಯ ಯಜಮಾನ. ವರ್ಷಕ್ಕೊಮ್ಮೆ ಸರಕಾರದ ಹಣವೆಂದು ಇಪ್ಪತ್ತು ಜೋಳದ ಕಾಳು ದೊರೆಯುತ್ತವೆ. ಅದರಲ್ಲಿ ರಾಕೆಟ್ಟು ಕಟ್ಟಬೇಕು, ಉಪಗ್ರಹ ಮಾಡಬೇಕು, ಕವಡೆ ಹಾಕಿ ಹಾರಿಸಬೇಕು. ಚಂದ್ರನನ್ನು ಮೊದಲು ಮುಟ್ಟಿದವನು ಗೆದ್ದ. “ರಾಕೆಟ್ಟು ಬಿದ್ದರೆ?” ಎಂದು ಕೇಳಿದೆವು. “ಔಟ್. ಅಂವಂದು ಆಟ ಮುಗೀತು” ಎಂದು ತಲೆ ಎತ್ತದೆಯೇ ಹೇಳಿದ.

ಆ ಉತ್ತರ ನಮ್ಮನ್ನು ಅಲ್ಲಿಯೇ ಕೂರಿಸಿತು. ಆ ನಿಯಮವನ್ನು ಅವನು ರಾಕೆಟ್ಟಿಗೆ ಬರೆದದ್ದಲ್ಲ ಎಂದು ನಮಗೆ ತೋರಿತು. ನಾವು ಕೇಳಿದೆವು: “ಈ ನಿಯಮದಂತೆ ನಿಜವಾದ ಇಸ್ರೋ ಆಡಿದ್ದರೆ ಯಾವ ವರ್ಷ ಹೊರಬೀಳುತ್ತಿತ್ತು, ಲೆಕ್ಕ ಹಾಕು.”

ಲೆಕ್ಕ ಸುಲಭವಾಗಿತ್ತು. ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ಮುಂದಾಳುತನದಲ್ಲಿ, ಅದಕ್ಕೂ ಮೊದಲು ಉಪಗ್ರಹವನ್ನೇ ಕಟ್ಟಿರದ ತರುಣರು ಅದನ್ನು ಕಟ್ಟಿದರು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೇಲೆ ಅದು ಮೇಲೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತವು. ನಮ್ಮದೇ ರಾಕೆಟ್ಟು ಎಸ್‌ಎಲ್‌ವಿ-3 ಮೊದಲ ಬಾರಿ ಹಾರಿದ್ದು 1979ರ ಆಗಸ್ಟ್ 10ರಂದು. ಅದು ಬಂಗಾಳ ಕೊಲ್ಲಿಗೆ ಬಿದ್ದಿತು. ಎಎಸ್‌ಎಲ್‌ವಿ 1987ರಲ್ಲಿ ಬಿದ್ದಿತು, 1988ರಲ್ಲಿ ಮತ್ತೆ ಬಿದ್ದಿತು. ಇಂದು ಎಲ್ಲರೂ ಕೊಂಡಾಡುವ ಪಿಎಸ್‌ಎಲ್‌ವಿಯ ಪ್ರಥಮ ಹಾರಾಟವೂ 1993ರ ಸೆಪ್ಟೆಂಬರಿನಲ್ಲಿ ವಿಫಲವಾಯಿತು. ದೇಶೀಯ ಕ್ರಯೋಜೆನಿಕ್ ಎಂಜಿನ್ 2010ರ ಏಪ್ರಿಲಿನಲ್ಲಿ ಕೈಕೊಟ್ಟಿತು. ಹುಡುಗ ಬೆರಳು ಮಡಚುತ್ತ ಹೋದ. ಅವನ ನಿಯಮ ಜಾರಿಯಲ್ಲಿದ್ದರೆ ಇಸ್ರೋದ ಆಟ ನಾಲ್ಕು ದಶಕಗಳ ಹಿಂದೆಯೇ ಮುಗಿಯುತ್ತಿತ್ತು.

“ಹಂಗಾದ್ರ ಬಿದ್ದವರಿಗೆ ಏನೂ ಆಗಬಾರದಾ?” ಎಂದು ಕೇಳಿದ. ಅದು ಒಳ್ಳೆಯ ಪ್ರಶ್ನೆ. ಬಿದ್ದರೂ ನಷ್ಟವಿಲ್ಲದ ಆಟ ಆಟವಲ್ಲ, ಮಕ್ಕಳನ್ನು ರಮಿಸುವ ಸುಳ್ಳು. ನಷ್ಟ ಇರಬೇಕು, ಅಂತ್ಯ ಇರಬಾರದು. ಅದನ್ನು ನಿಯಮವಾಗಿ ಹೇಗೆ ಬರೆಯುವುದು?

ಪರದೇಶಗಳಲ್ಲಿ ಇಂಥ ಆಟಗಳನ್ನು ಕಟ್ಟಿದವರಿಗೂ ಇದೇ ಪ್ರಶ್ನೆ ಎದುರಾಗಿದೆ. 1989ರಲ್ಲಿ ಅಮೆರಿಕದಲ್ಲಿ ‘ಲಿಫ್ಟಾಫ್’ ಎಂಬ ಹಲಗೆಯಾಟ ಬಂದಿತು. 1993ರಲ್ಲಿ ಅದೇ ‘ರೇಸ್ ಇಂಟು ಸ್ಪೇಸ್’ ಎಂಬ ಕಂಪ್ಯೂಟರ್ ಆಟವಾಯಿತು. ಅದರಲ್ಲಿ ಪ್ರತಿಯೊಂದು ಯಂತ್ರಕ್ಕೂ ಭರವಸೆಯ ಶೇಕಡಾವಾರು ಅಂಕವುಂಟು. ಸಂಶೋಧನೆಗೆ ಹಣ ಸುರಿದಂತೆ ಆ ಅಂಕ ಏರುತ್ತದೆ. 2015ರ ‘ಲೀವಿಂಗ್ ಅರ್ತ್’ ಎಂಬ ಆಟದ ಉಪಾಯ ಇನ್ನೂ ಸೊಗಸಾದುದು. ಹೊಸ ತಂತ್ರವೊಂದನ್ನು ಕೊಂಡಾಗ ಅದರ ಮೇಲೆ ಕೆಲವು ಎಲೆಗಳನ್ನು ಕವುಚಿ ಇಡುತ್ತಾರೆ. ಯಾವುದರಲ್ಲಿ ಜಯ, ಯಾವುದರಲ್ಲಿ ವೈಫಲ್ಯ ಎಂಬುದು ಬಳಸಿದಾಗಲೇ ತಿಳಿಯುವುದು. ವೈಫಲ್ಯದ ಎಲೆ ಹೊರಬಂದರೆ ಹಣ ತೆತ್ತು ಅದನ್ನು ಶಾಶ್ವತವಾಗಿ ತೆಗೆದುಹಾಕಬಹುದು.

ನಾವು ಇದನ್ನೇ ಅಡುಗೆಮನೆಯ ಕಾಳಿಗೆ ಇಳಿಸಿಕೊಂಡೆವು. ರಾಕೆಟ್ಟಿಗೊಂದು ಚೀಲ, ಅದರಲ್ಲಿ ಐದು ಕಡಲೆಕಾಳು, ಮೂರು ತೊಗರಿಕಾಳು. ಹಾರಿಸುವಾಗ ಕಣ್ಣುಮುಚ್ಚಿ ಒಂದು ಕಾಳು ತೆಗೆಯಬೇಕು. ಕಡಲೆ ಬಂದರೆ ಹಾರಾಟ ಸಫಲ, ಕಾಳು ಚೀಲಕ್ಕೆ ಮರಳುತ್ತದೆ. ತೊಗರಿ ಬಂದರೆ ರಾಕೆಟ್ಟು ಬಿದ್ದಿತು, ಅದಕ್ಕೆ ಹಾಕಿದ ಜೋಳವೆಲ್ಲ ಹೋಯಿತು. ಆದರೆ ದೋಷ ಯಾವುದೆಂದು ತಿಳಿಯಿತು. ಎರಡು ಜೋಳ ಕೊಟ್ಟು ತನಿಖೆ ಮಾಡಿಸಿದರೆ ಆ ತೊಗರಿ ಮತ್ತೆ ಚೀಲ ಸೇರುವುದಿಲ್ಲ. ಮೊದಲು ಬೀಳುವ ಸಂಭವ ಎಂಟರಲ್ಲಿ ಮೂರು. ಈಗ ಏಳರಲ್ಲಿ ಎರಡು. ಬಿದ್ದು ತನಿಖೆ ಮಾಡಿಸಿದವನ ಚೀಲ, ಒಮ್ಮೆಯೂ ಹಾರದವನ ಚೀಲಕ್ಕಿಂತ ಶುದ್ಧ! ಗಣಿತದಲ್ಲಿ ಬಿದ್ದಿದ್ದ ಹುಡುಗ ಈ ಭಿನ್ನರಾಶಿಗಳನ್ನು ನಮಗಿಂತ ಬೇಗ ಹೇಳಿದ ಎಂಬುದನ್ನು ನಾವು ಗಮನಿಸಿದೆವು.

ಇದು ಬರಿಯ ಕಲ್ಪನೆಯಲ್ಲ. ಚಂದ್ರಯಾನ-2ರ ವಿಕ್ರಮ್ ನೌಕೆ 2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಚಂದ್ರನ ನೆಲಕ್ಕೆ ಅಪ್ಪಳಿಸಿತು. ವಿಜ್ಞಾನಿಗಳು ಆ ಇಳಿಕೆಯ ಕ್ಷಣಕ್ಷಣವನ್ನೂ ಬಿಡಿಸಿ ನೋಡಿದರು. ಮುಂದಿನ ನೌಕೆಗೆ ಕಾಲುಗಳನ್ನು ಬಲಪಡಿಸಿದರು, ಇಂಧನ ಹೆಚ್ಚಿಸಿದರು, ಐದು ಎಂಜಿನ್ನುಗಳನ್ನು ನಾಲ್ಕಕ್ಕಿಳಿಸಿದರು. ಅರ್ಧ ಕಿಲೋಮೀಟರಿನ ಚೌಕದಲ್ಲಿಯೇ ಇಳಿಯಬೇಕೆಂಬ ಹಟ ಬಿಟ್ಟು, ನಾಲ್ಕು ಕಿಲೋಮೀಟರ್ ಉದ್ದ, ಸುಮಾರು ಎರಡೂವರೆ ಕಿಲೋಮೀಟರ್ ಅಗಲದ ಜಾಗವನ್ನು ಗೊತ್ತುಮಾಡಿದರು. ಏನೇನು ಕೆಡಬಹುದು ಎಂಬುದನ್ನು ಮೊದಲು ಎಣಿಸಿ, ಆಮೇಲೆ ನೌಕೆಯನ್ನು ರೂಪಿಸಿದರು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ದಕ್ಷಿಣ ಧ್ರುವದ ಸಮೀಪ ಮೆಲ್ಲನೆ ನೆಲ ಮುಟ್ಟಿತು. ತೊಗರಿಕಾಳುಗಳನ್ನು ಒಂದೊಂದಾಗಿ ಆರಿಸಿದ ಫಲವಿದು.

ಎರಡನೆಯ ನಿಯಮವನ್ನು ನಮ್ಮ ಸೀಮೆಯ ಎರೆಹೊಲವೇ ಹೇಳಿಕೊಟ್ಟಿತು. ಭೂಮಿಯಿಂದ ಮಂಗಳಕ್ಕೆ ಹೊರಡುವ ಅನುಕೂಲದ ಕಾಲ ಸುಮಾರು 26 ತಿಂಗಳಿಗೊಮ್ಮೆ ಮಾತ್ರ ಒದಗುತ್ತದೆ. ಹಿಂಗಾರಿನಲ್ಲಿ ಹದ ತಪ್ಪಿದರೆ ಕಡಲೆಯೂ ಇಲ್ಲ, ಬಿಳಿಜೋಳವೂ ಇಲ್ಲ ಎಂಬುದನ್ನು ಬೆಣ್ಣೆಹಳ್ಳದ ಸೀಮೆಯ ರೈತನಿಗೆ ಯಾರೂ ಕಲಿಸಬೇಕಿಲ್ಲ. 2013ರ ಹದಕ್ಕೆ ದೊಡ್ಡ ರಾಕೆಟ್ಟು ಸಿದ್ಧವಿರಲಿಲ್ಲ. ಇದ್ದ ಪಿಎಸ್‌ಎಲ್‌ವಿಯಲ್ಲಿಯೇ ನವೆಂಬರ್ 5ರಂದು ನೌಕೆಯನ್ನು ಏರಿಸಿ, ಭೂಮಿಯನ್ನೇ ಸುತ್ತಿಸಿ ಸುತ್ತಿಸಿ ಕಕ್ಷೆ ಹಿಗ್ಗಿಸಿ, ಡಿಸೆಂಬರ್ 1ರಂದು ಮಂಗಳದ ದಾರಿಗೆ ಹಚ್ಚಿದರು. ಬೆಂಗಳೂರಿನ ಹೊರಗಿನ ಬ್ಯಾಲಾಳಿನ 32 ಮೀಟರಿನ ಆಂಟೆನಾ ಅದರ ದನಿಗೆ ಕಿವಿಗೊಟ್ಟಿತು. 2014ರ ಸೆಪ್ಟೆಂಬರ್ 24ರಂದು ಅದು ಮಂಗಳದ ಕಕ್ಷೆ ಸೇರಿತು. ಖರ್ಚು ಸುಮಾರು 450 ಕೋಟಿ ರೂಪಾಯಿ. ಆದುದರಿಂದ ಆಟದಲ್ಲಿ ಹದದ ಮನೆಗಳಿರಬೇಕು. ಜೊತೆಗೆ, ಎಷ್ಟೇ ಹಸಿವಾದರೂ ರೈತ ಮುಟ್ಟದ ಬೀಜದ ಕಾಳಿನಂತೆ, ಪ್ರತಿ ವರ್ಷ ಐದು ಜೋಳ ತೆಗೆದಿಡಬೇಕು. ಬಿದ್ದವನು ಮತ್ತೆ ಎದ್ದು ನಿಲ್ಲುವುದು ಅದರಿಂದಲೇ.

ಮೂರನೆಯದು ಗೆಲುವಿನ ನಿಯಮ. ಪರದೇಶದ ಆ ಕಂಪ್ಯೂಟರ್ ಆಟದಲ್ಲಿ ಇಬ್ಬರೇ ಸ್ಪರ್ಧಿಗಳು, ಅಮೆರಿಕ ಮತ್ತು ಸೋವಿಯತ್ ದೇಶ. ಚಂದ್ರನ ಮೇಲೆ ಮೊದಲು ಮನುಷ್ಯನನ್ನು ಇಳಿಸಿ ಮರಳಿ ತಂದವರಿಗೆ ಜಯ. ವಿಕ್ರಮ್ ಸಾರಾಭಾಯಿಯವರು ನಮ್ಮ ಕಾರ್ಯಕ್ರಮಕ್ಕೆ ಹಾಕಿದ ಅಡಿಪಾಯ ಅದಲ್ಲ. ಸಿರಿವಂತ ರಾಷ್ಟ್ರಗಳೊಡನೆ ಪಂದ್ಯ ಕಟ್ಟುವ ಹಂಬಲ ಅವರಿಗಿರಲಿಲ್ಲ. ಜನಜೀವನದ ಕಷ್ಟಗಳಿಗೆ ಈ ವಿದ್ಯೆ ಒದಗಬೇಕೆಂಬುದು ಅವರ ನಿಲುವು. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ದೂರದರ್ಶನ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಲ್ಲಿ ಆ ಭಾಗ್ಯ ನಮ್ಮ ನೆರೆಯ ಬಿಜಾಪುರ, ರಾಯಚೂರು, ಗುಲ್ಬರ್ಗಾ ಜಿಲ್ಲೆಗಳದಾಗಿತ್ತು. ಸ್ವಂತ ಉಪಗ್ರಹ ಸಂಪರ್ಕ ಜಾಲವಿಲ್ಲದ ದೇಶ ಅಂದು ಗಳಿಸಿದ ಈ ಅಂಕವನ್ನು ಯಾವ ಓಟದ ಆಟವೂ ಲೆಕ್ಕಕ್ಕೆ ಹಿಡಿಯದು. ಹುಡುಗ ತನ್ನ ಪಟದ ಅಂಚಿನಲ್ಲಿ ಹಳ್ಳಿಗಳ ಮನೆ ಬರೆದ. ಮಳೆಯ ಮುನ್ಸೂಚನೆಗೆ ಇಷ್ಟು ಅಂಕ, ಪಾಠಕ್ಕೆ ಇಷ್ಟು, ಚಂದ್ರನಿಗೆ ಇಷ್ಟು. ಚಂದ್ರನನ್ನು ತೆಗೆಯಲಿಲ್ಲ, ತೆಗೆಯೆಂದು ನಾವೂ ಹೇಳಲಿಲ್ಲ.

ಕೊನೆಯ ನಿಯಮವನ್ನು ನಾವೇ ಹಟಮಾಡಿ ಸೇರಿಸಿದೆವು. 1979ರ ಆ ಉಡಾವಣೆಗೆ ಕೆಲವೇ ನಿಮಿಷ ಉಳಿದಿದ್ದಾಗ ಗಣಕಯಂತ್ರ ತಡೆಯೊಡ್ಡಿತ್ತು. ತಜ್ಞರ ಸಲಹೆಯಂತೆ ಯೋಜನೆಯ ನಿರ್ದೇಶಕರಾಗಿದ್ದ ಅಬ್ದುಲ್ ಕಲಾಂ ಅದನ್ನು ದಾಟಿ ಮುಂದುವರಿದರು. ರಾಕೆಟ್ಟು ಬಿದ್ದಾಗ ಪತ್ರಕರ್ತರ ಮುಂದೆ ನಿಂತು ಹೊಣೆ ಹೊತ್ತವರು ಸಂಸ್ಥೆಯ ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ಅದೇ ರಾಕೆಟ್ಟು 35 ಕಿಲೋಗ್ರಾಂ ತೂಕದ ರೋಹಿಣಿಯನ್ನು ಕಕ್ಷೆಗೆ ಸೇರಿಸಿದಾಗ, ಪತ್ರಕರ್ತರ ಮುಂದೆ ಮಾತನಾಡಲು ಧವನ್ ಕಲಾಮರನ್ನೇ ಕಳುಹಿಸಿದರು. ಕಲಾಂ ಇದನ್ನು ಜೀವನದುದ್ದಕ್ಕೂ ನೆನೆದರು. ನಮ್ಮ ಆಟದ ನಿಯಮ ಹೀಗಾಯಿತು: ಸೋಲಿನ ಕಾಳು ಯಜಮಾನನ ಮುಂದೆ, ಗೆಲುವಿನ ಕಾಳು ತಂಡದ ಮುಂದೆ.

ಇದನ್ನು ಬರೆಸುವಾಗ ಅಣ್ಣ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಮನೆಯ ಯಜಮಾನರು ಅವರೇ. ಅವರು ಏನೂ ಆಡಲಿಲ್ಲ. ಬಂದು ಹುಡುಗನ ಎದುರು ಕುಳಿತು, “ನನಗೂ ಒಂದು ಚೀಲ ಕೊಡೋ” ಎಂದರು. ಎರಡು ವಾರಗಳ ತರುವಾಯ ಆ ಮನೆಯಲ್ಲಿ ಕೇಳಿದ ಮೊದಲ ಮಾತದು.

ಆ ರಾತ್ರಿ ನಾವು ಹುಡುಗನಿಗೆ, ಮನೆಯಲ್ಲಿ ಯಾರಿಗೂ ಹೇಳಿರದ ಸಂಗತಿಯೊಂದನ್ನು ಹೇಳಿದೆವು: ಮಠದ ಪಾಠಶಾಲೆಯಲ್ಲಿದ್ದಾಗ ನಾವು ಸಂಸ್ಕೃತ ಸಾಹಿತ್ಯ ಪರೀಕ್ಷೆಯಲ್ಲಿ ವ್ಯಾಕರಣದಲ್ಲಿ ಬಿದ್ದು, ನಾಚಿಕೆಯಿಂದ ಒಂದು ರಜೆ ಊರಿಗೇ ಬಂದಿರಲಿಲ್ಲ. ಆಗ ನಮಗೆ ಬೇಕಾಗಿದ್ದುದು ಸಮಾಧಾನವಲ್ಲ, ಎಲ್ಲಿ ಎಡವಿದೆವೆಂದು ಜೊತೆಗೆ ಕುಳಿತು ನೋಡುವ ಒಬ್ಬ ಮನುಷ್ಯ. ಮರುದಿನ ಹುಡುಗ ಗಣಿತದ ಪುಸ್ತಕ ತೆರೆದು, ತನಗೆ ತಿಳಿಯದ ಅಧ್ಯಾಯಗಳ ಮುಂದೆ ಒಂದೊಂದು ತೊಗರಿಕಾಳು ಇಡುತ್ತ ಹೋದ. ಒಟ್ಟು ನಾಲ್ಕಾದವು. ಪುಸ್ತಕವೆಲ್ಲ ತಿಳಿಯದೆಂದು ಅಂಜಿದ್ದವನಿಗೆ ನಾಲ್ಕೇ ಎಂಬುದು ಅಂದು ಗೊತ್ತಾಯಿತು.

ಪರೀಕ್ಷೆಯ ಫಲಿತಾಂಶಗಳು ವರುಷವರುಷವೂ ಬರುತ್ತವೆ. ನಮ್ಮ ಮನೆಗಳಲ್ಲಿ ಮೌನವೂ ಬರುತ್ತದೆ. ಮಗು ಬಿದ್ದು ಬಂದ ದಿನ “ಯಾಕೆ ಬಿದ್ದೆ?” ಎಂದು ಕೇಳುವ ಮೊದಲು, ಪಕ್ಕದಲ್ಲಿ ಕುಳಿತು, “ಯಾವ ಕಾಳು ಬಂತು, ತೋರಿಸು” ಎನ್ನೋಣ. ಚೀಲ ಅವನ ಕೈಯಲ್ಲಿಯೇ ಇರಲಿ.