ಹೊಲದ ಲೆಕ್ಕ ಹೊಲದವನಿಗೂ ತಿಳಿಯಲಿ

ಘಟಪ್ರಭೆಯ ಹತ್ತಿರ ಅರಭಾವಿಯಲ್ಲಿರುವ ಕಿತ್ತೂರ ರಾಣಿ ಚೆನ್ನಮ್ಮ ತೋಟಗಾರಿಕೆ ಕಾಲೇಜಿನಲ್ಲಿಯೂ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿಯೂ ಇಂದು ಗಿರಣಿ ಕೆಲಸಗಾರರ, ಕಿರಾಣಿ ಅಂಗಡಿಕಾರರ ಮಕ್ಕಳು ಓದುತ್ತಿದ್ದಾರೆ. ಸಂತೋಷದ ಮಾತು. ಈ ಮಕ್ಕಳು ಎಂ.ಎಸ್ಸಿ. ತರಗತಿಗೆ ಬಂದಾಗ ಒಂದು ಸಂಶೋಧನೆ ಮಾಡಬೇಕಾಗುತ್ತದೆ. ಮಾಡಿದ್ದನ್ನು ಕೃಷಿ ವಿಜ್ಞಾನ ಸಮ್ಮೇಳನದಲ್ಲಿ ಹತ್ತು ನಿಮಿಷದ ಭಾಷಣವಾಗಿ ಹೇಳುತ್ತಾರೆ. ಇಲ್ಲವೆ ದೊಡ್ಡದೊಂದು ಪೋಸ್ಟರಿನ ಮೇಲೆ ಅಚ್ಚು ಹಾಕಿಸಿ, ಗೋಡೆಗೆ ಹಚ್ಚಿ, ಅದರ ಪಕ್ಕದಲ್ಲಿ ನಿಂತು ಬಂದವರಿಗೆ ವಿವರಿಸುತ್ತಾರೆ. ಆ ಪೋಸ್ಟರು ಹೇಗಿರಬೇಕು, ಯಾರಿಗೆ ತಿಳಿಯಬೇಕು ಎಂಬುದು ಪ್ರಾಧ್ಯಾಪಕರ ಖೋಲಿಯಲ್ಲಿಯೇ ಮುಗಿಯತಕ್ಕ ಮಾತಲ್ಲ. ಹೊಲ ನಮ್ಮದು, ನೀರು ನಮ್ಮದು, ಕಾಲೇಜು ನಡೆಯುವುದು ನಾವು ಕೊಟ್ಟ ತೆರಿಗೆಯಿಂದ.

ಇಂಥ ಸಮ್ಮೇಳನಗಳು ಸಣ್ಣವಲ್ಲ. 2020ರ ಜನವರಿ 3ರಿಂದ 7ರವರೆಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 107ನೆಯ ಅಧಿವೇಶನ ನಡೆಯಿತು. ಅದರ ಮುಖ್ಯ ವಿಷಯ ಗ್ರಾಮೀಣ ಅಭಿವೃದ್ಧಿ. ಕೃಷಿ ವಿಜ್ಞಾನ ಕಾಂಗ್ರೆಸ್ಸು 2023ರಲ್ಲಿ ಕೊಚ್ಚಿಯಲ್ಲಿ, 2025ರಲ್ಲಿ ಪಂತನಗರದಲ್ಲಿ ಕೂಡಿತು. ಪ್ರಬಂಧಗಳು ಹೆಚ್ಚಿ ಮಾತಾಡಲು ವೇಳೆ ಸಾಲದಾದಾಗ, 1960ರ ದಶಕದ ಕೊನೆಗೆ ಯುರೋಪಿನಲ್ಲಿಯೂ 1974ರಲ್ಲಿ ಅಮೇರಿಕೆಯಲ್ಲಿಯೂ ಪೋಸ್ಟರು ಹಚ್ಚುವ ರೂಢಿ ಬಂತು. ವಿಜ್ಞಾನಿಗಳಿಗೆ ಅದು ಹೊಸದು. ಗಿರಣಿ ಕೆಲಸಗಾರನಿಗೆ ಹೊಸದೇನು?

ಗೇಟಿಗೆ ಹಚ್ಚುವ ಭಿತ್ತಿಪತ್ರ ಹೇಗಿರುತ್ತದೆಂಬುದನ್ನು ನಮ್ಮ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ಬೇಡಿಕೆ ಒಂದು, ಅಕ್ಷರ ದೊಡ್ಡದು. ಪಾಳಿ ಬಿಟ್ಟು ಹೊರಡುವವನು ಸೈಕಲ್ಲಿನಿಂದ ಇಳಿಯದೆ ಓದಿಕೊಳ್ಳಬೇಕು. ಗೇಟಿನ ಸಭೆಯಲ್ಲಿ ಮಾತಾಡುವವನೂ ಭೋಂಗಾ ಆಗುವುದರೊಳಗೆ ವಿಷಯಕ್ಕೆ ಬಂದು ಮುಗಿಸಬೇಕು. ಪೀಠಿಕೆ ಹಾಕುತ್ತ ನಿಂತರೆ ಕೇಳುವವರೇ ಇರುವುದಿಲ್ಲ. ಅಂಗಡಿಕಾರನ ಹಲಗೆಯೂ ಹಾಗೆಯೇ: ಮಾಲು ಯಾವುದು, ದರ ಎಷ್ಟು. ವಿದ್ಯಾರ್ಥಿಯ ಹತ್ತು ನಿಮಿಷವೂ ಅವನ ಮೂರಡಿ ಅಗಲ ನಾಲ್ಕಡಿ ಎತ್ತರದ ಹಾಳೆಯೂ ಇದಕ್ಕಿಂತ ಬೇರೆಯಲ್ಲ.

ಆದರೆ ಆಗುತ್ತಿರುವುದೇನು? ನಾನು ನೋಡಿದ ಒಂದು ಪೋಸ್ಟರಿನ ತಲೆಬರಹವೇ ಮೂರು ಸಾಲು. ಕೆಳಗೆ ಇರುವೆ ಸಾಲಿನಂತೆ ಅಕ್ಷರ. ಹನ್ನೆರಡು ಕಂಬದ ಒಂದು ಕೋಷ್ಟಕ. ಕಡೆಗೆ, ಬಲಗಡೆಯ ಮೂಲೆಯಲ್ಲಿ, ಜಿಪ್ಸಮ್ ಹಾಕಿದ ತಾಕಿನಲ್ಲಿ ಇಳುವರಿ ಹೆಚ್ಚಿತೆಂದು ಒಂದು ವಾಕ್ಯ. ಎಕರೆಗೆ ಖರ್ಚೆಷ್ಟು, ಉಳಿದದ್ದೆಷ್ಟು ಎಂಬುದಿಲ್ಲ. ಎಂಥ ಭೂಮಿ ಎಂಬುದನ್ನು ಒಂದು ಇಂಗ್ಲೀಷು ಶಬ್ದದಲ್ಲಿ ಮುಗಿಸಿದ್ದಾರೆ.

ಘಟಪ್ರಭಾ ಕಾಲುವೆಯ ಕೆಳಗೆ ಹೊಲ ಇದ್ದವರಿಗೆ ಈ ಒಂದು ಶಬ್ದದ ಬೆಲೆ ಗೊತ್ತು. ಸವಳು, ಜವಳು ಎಂದು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಉಪ್ಪು ಮೇಲೆದ್ದ ಭೂಮಿ ಬೇರೆ, ಸೋಡಿಯಂ ಹಿಡಿದು ಗಟ್ಟಿಯಾದ ಕ್ಷಾರ ಭೂಮಿ ಬೇರೆ. ಮೊದಲನೆಯದಕ್ಕೆ ಬಸಿಗಾಲುವೆ ತೆಗೆದು, ಒಳ್ಳೆಯ ನೀರು ನಿಲ್ಲಿಸಿ ಉಪ್ಪನ್ನು ತೊಳೆದು ಹೊರಗೆ ಹಾಕಬೇಕು. ಎರಡನೆಯದಕ್ಕೆ ಜಿಪ್ಸಮ್ ಬೇಕು. ಬಸಿಯುವ ದಾರಿ ಅದಕ್ಕೂ ಬೇಕು. ಇದು ತಿಳಿಯದೆ, ಪಕ್ಕದವನು ಹಾಕಿದನೆಂದು ಸಾಲ ಮಾಡಿ ಜಿಪ್ಸಮ್ ತಂದು ಬರೀ ಸವಳು ನೆಲಕ್ಕೆ ಸುರಿದವನ ಹಣ ನೀರಿಗೆ ಹೋಯಿತು. ಮಾರಿದ ಅಂಗಡಿಯವನಿಗೂ ಉದ್ರಿ ಮುಳುಗಿತು. ಆ ವಿದ್ಯಾರ್ಥಿ ಎರಡು ವರ್ಷ ದುಡಿದು ಕಂಡುಕೊಂಡದ್ದು ಈ ಭೇದವನ್ನೇ ಇರಬಹುದು. ಅದು ಮೂಲೆಯಲ್ಲಿ ಕುಳಿತಿತು.

ಸಂಶೋಧನೆಯೆಂದರೆ ನಮಗೆ ತಿಳಿಯದ ಮಂತ್ರವೆಂದು ಯಾರೂ ಹೆದರಬೇಕಾಗಿಲ್ಲ. ಒಂದೇ ಯಂತ್ರದ ಮೇಲೆ ಹೊಸ ಹತ್ತಿ ಚೆನ್ನಾಗಿ ಓಡಿತೆಂದರೆ ಹತ್ತಿ ಒಳ್ಳೆಯದೆಂದು ಯಾವ ಕೆಲಸಗಾರನೂ ಒಪ್ಪುವುದಿಲ್ಲ. ಯಂತ್ರ ಒಳ್ಳೆಯದಿರಬಹುದು, ನಡೆಸುವವನ ಕೈ ಒಳ್ಳೆಯದಿರಬಹುದು. ನಾಲ್ಕಾರು ಯಂತ್ರದ ಮೇಲೆ ನೋಡಬೇಕು, ಹಳೆಯ ಹತ್ತಿಯನ್ನೂ ಪಕ್ಕದಲ್ಲಿ ಓಡಿಸಬೇಕು. ಹೊಲದಲ್ಲಿಯೂ ಇದೇ ನ್ಯಾಯ. ಒಂದೇ ಉಪಚಾರವನ್ನು ಮೂರು ನಾಲ್ಕು ತಾಕುಗಳಲ್ಲಿ ಮಾಡುತ್ತಾರೆ. ಏನೂ ಹಾಕದ ತಾಕನ್ನೂ ಬಿಡುತ್ತಾರೆ. ಯಾವ ತಾಕಿಗೆ ಯಾವುದೆಂಬುದನ್ನು ಚೀಟಿ ಎತ್ತಿದ ಹಾಗೆ ಗೊತ್ತುಮಾಡುತ್ತಾರೆ. ಇಂಗ್ಲೆಂಡಿನ ರೊಥಮ್‌ಸ್ಟೆಡ್ ಕ್ಷೇತ್ರದಲ್ಲಿ 1920ರ ದಶಕದಲ್ಲಿ ಫಿಶರ್ ಎಂಬ ಗಣಿತಜ್ಞ ಇದಕ್ಕೆ ಶಾಸ್ತ್ರ ಕಟ್ಟಿದ. ಇಷ್ಟನ್ನು ಹೇಳಲು ವಿದ್ಯಾರ್ಥಿಗೆ ಎರಡು ನಿಮಿಷ ಸಾಕು. ಯಾವ ಊರು, ಯಾವ ಹಂಗಾಮು, ಎಷ್ಟು ತಾಕು, ಏನೂ ಹಾಕದ ತಾಕಿಗಿಂತ ಎಷ್ಟು ಹೆಚ್ಚು, ಖರ್ಚೆಷ್ಟು, ಎಲ್ಲಿ ಫಲ ಕೊಡಲಿಲ್ಲ. ಕಡೆಯದನ್ನು ಬಹಳ ಜನ ಮುಚ್ಚಿಡುತ್ತಾರೆ. ರೈತನಿಗೆ ಮೊದಲು ಬೇಕಾದದ್ದು ಅದೇ.

ತಿಳಿಯುವ ಹಾಗೆ ಹೇಳಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2002ರಲ್ಲಿ ಸಾಂಗಲಿಯ ಕಡೆ ಕಾಣಿಸಿಕೊಂಡ ಬಿಳಿ ಉಣ್ಣೆ ಹೇನು ಕೆಲವೇ ತಿಂಗಳಲ್ಲಿ ನಮ್ಮ ಕಬ್ಬಿಗೆ ಬಂತು. ಗಿರಣಿಯ ಹತ್ತಿಯ ಧೂಳು ಹಾರಿ ಕುಳಿತಂತೆ ಎಲೆಯ ಅಡಿಯೆಲ್ಲ ಬೆಳ್ಳಗೆ. ಅದು ಸುರಿಸಿದ ಅಂಟಿನ ಮೇಲೆ ಬೂಷ್ಟು ಹಿಡಿದು ಕೆಳಗಿನ ಎಲೆಯೆಲ್ಲ ಕರ್ರಗೆ. ಆಳೆತ್ತರ ಮೀರಿದ ಕಬ್ಬಿನೊಳಗೆ ಹೊಕ್ಕು ಔಷಧ ಹೊಡೆಯುವುದೂ ಸುಲಭವಲ್ಲ. ಆಗ ನೆರವಿಗೆ ಬಂದದ್ದು ಹೇನನ್ನು ತಿನ್ನುವ ಎರಡು ಕೀಟ. ಡೈಫಾ ಎಂಬುದರ ಮರಿಹುಳು ಒಂದು, ಮೈಕ್ರೋಮಸ್ ಎಂಬುದು ಇನ್ನೊಂದು. ಮೈಕ್ರೋಮಸ್ಸನ್ನು ಧಾರವಾಡದ ವಿಜ್ಞಾನಿಗಳು ಸಾಕಿ ಬೆಳೆಸಿದರು. ಮಿತ್ರಹುಳು ಇದ್ದ ಎಲೆಗಳನ್ನು ಕೊಯ್ದು ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಒಯ್ದು ಕಟ್ಟಿದರು. ಎಲೆಯನ್ನು ಕೈಯಲ್ಲಿ ಹಿಡಿದು, ಇದು ನಿನ್ನ ಮಿತ್ರ, ಇದರ ಮೇಲೆ ವಿಷ ಹೊಡೆಯಬೇಡ ಎಂದು ಕನ್ನಡದಲ್ಲಿ ಹೇಳಿದ್ದರಿಂದ ಇದು ಸಾಧ್ಯವಾಯಿತು. ಲ್ಯಾಟಿನ್ ಹೆಸರು ಪ್ರಬಂಧಕ್ಕೆ ಬೇಕು, ಇರಲಿ; ಹೊಲದಲ್ಲಿ ಗುರುತು ಬೇಕು.

ಸಮ್ಮೇಳನದಲ್ಲಿ ಮಲೆಯಾಳಿಯೂ ಪಂಜಾಬಿಯೂ ಓದಬೇಕಲ್ಲ, ಇಂಗ್ಲೀಷು ಬಿಟ್ಟರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ಇಂಗ್ಲೀಷು ಬಿಡಿರೆಂದು ನಾನು ಹೇಳುವುದಿಲ್ಲ. ಅದರ ಜೊತೆಗೆ ಕನ್ನಡದ್ದೊಂದು ಮಾಡಿರಿ ಎನ್ನುತ್ತೇನೆ. ಕನ್ನಡದಲ್ಲಿ ಶಬ್ದಗಳಿಲ್ಲ ಎಂಬ ನೆವವನ್ನಂತೂ ಒಪ್ಪಲಾಗದು. ಕುಳೆ ಬೆಳೆ, ಗೊಣ್ಣೆಹುಳು, ಸವಳು, ಬಸಿಗಾಲುವೆ, ಇವನ್ನೆಲ್ಲ ರೈತರು ಕಾಲೇಜಿನಲ್ಲಿ ಕಲಿತರೇನು? ಅದೂ ಅಲ್ಲದೆ ಇದೇ ವಿದ್ಯಾರ್ಥಿಗಳು ಬಿ.ಎಸ್ಸಿ.ಯ ಕಡೆಯ ವರ್ಷ ಗ್ರಾಮೀಣ ಕಾರ್ಯಾನುಭವಕ್ಕೆಂದು ಹಳ್ಳಿಯಲ್ಲಿ ಇದ್ದು, ಬಣ್ಣದ ಕಾಗದದ ಮೇಲೆ ಕನ್ನಡದಲ್ಲಿ ಬರೆದು, ಗುಡಿಯ ಕಟ್ಟೆಯ ಮೇಲೆ ರೈತರಿಗೆ ವಿವರಿಸಿದವರು. ಅಂದು ಬಂದ ಕನ್ನಡ ಎರಡು ವರ್ಷಕ್ಕೆ ಮರೆತುಹೋಯಿತೆಂದರೆ ದೋಷ ಹುಡುಗರದಲ್ಲ. ಕೇಳುವವರು ಕೇಳಲಿಲ್ಲ, ಅಷ್ಟೇ.

ಖರ್ಚಿನ ಮಾತೂ ಬಂತು. ಹೆಸರು ನೋಂದಣಿಗೆ ಶುಲ್ಕ, ಪೋಸ್ಟರು ಮುದ್ರಿಸಲು ಹಣ, ರೈಲಿನ ಚಾರ್ಜು. ಇವೆಲ್ಲ ತಂದೆಯ ಪಗಾರದಿಂದ ಹೋಗುವುದಾದರೆ ಬಡವರ ಮಗಳು ಮನೆಯಲ್ಲಿ ಕೂಡುತ್ತಾಳೆ, ಉಳ್ಳವರ ಮಗ ಪ್ರಮಾಣಪತ್ರ ತರುತ್ತಾನೆ. ಹಣ ಕಟ್ಟಿದವರಿಗೆಲ್ಲ ಪ್ರಮಾಣಪತ್ರ ಹಂಚುವ ಸಮ್ಮೇಳನಗಳೂ ಹುಟ್ಟಿಕೊಂಡಿವೆ. ಅಂಥಲ್ಲಿಗೆ ಹೋಗದಿರುವುದೇ ಲೇಸು. ಒಳ್ಳೆಯ ಸಮ್ಮೇಳನಕ್ಕೆ ಆಯ್ಕೆಯಾದವರ ಖರ್ಚನ್ನು ವಿಶ್ವವಿದ್ಯಾಲಯ ಕೊಡಬೇಕು. ಈ ಸಂಶೋಧನೆಯಿಂದ ಕಬ್ಬಿನ ಲಾಭ ಕಾಣುವ ಸಕ್ಕರೆ ಕಾರಖಾನೆಗಳೂ ಕೈ ಹಚ್ಚಬೇಕು.

ನಮ್ಮ ಕೈಯಲ್ಲಿಯೇ ಇರುವ ಕೆಲಸವೂ ಒಂದಿದೆ. ಅರಭಾವಿಯವರಾಗಲಿ, ಹುಕ್ಕೇರಿ ತಾಲೂಕಿನ ಸಂಕೇಶ್ವರದ ಕಬ್ಬಿನ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದವರಾಗಲಿ, ಸಮ್ಮೇಳನಕ್ಕೆ ಹೊರಡುವ ಮುಂಚೆ ಗೋಕಾಕದಲ್ಲಿ, ಮೂಡಲಗಿಯಲ್ಲಿ, ಹುಕ್ಕೇರಿಯಲ್ಲಿ ಸಂತೆಯ ದಿನ ಒಮ್ಮೆ ಕನ್ನಡದಲ್ಲಿ ಮಾತಾಡಿ ತೋರಿಸಲಿ. ಯಾರ ಹೊಲದಲ್ಲಿ ಪ್ರಯೋಗ ಮಾಡಿದರೋ ಆತನನ್ನು ಮುಂದಿನ ಸಾಲಿನಲ್ಲಿ ಕೂಡಿಸಲಿ. ಆತ ಕೇಳುವ ಪ್ರಶ್ನೆಗೆ ಉತ್ತರ ಕೊಡಬಲ್ಲವನು ಕೊಚ್ಚಿಯಲ್ಲಿ ತಡವರಿಸುವುದಿಲ್ಲ. ಪೋಸ್ಟರು ಹಚ್ಚಲು ಅಂಗಡಿಯ ಗೋಡೆಯ ನಾಲ್ಕಡಿ ಜಾಗ ಸಾಕು. ಬೀಜ ಗೊಬ್ಬರದ ಅಂಗಡಿಕಾರರು ಅಷ್ಟು ಜಾಗ ಕೊಡಲಿ. ಗಿರಣಿಯಲ್ಲಿ ದುಡಿದು ಊರಲ್ಲಿ ಎರಡೆಕರೆ ಇಟ್ಟುಕೊಂಡವರು ಪಾಳಿ ಬಿಟ್ಟ ಮೇಲೆ ಬಂದು ನಿಂತು ಕೇಳಲಿ, ಖರ್ಚೆಷ್ಟು ಎಂದು ಮೊದಲು ಕೇಳಲಿ.